ರಾದೋಯೆ ತೊಲೆಗೆ ಉಕ್ಕು ಕಟ್ಟಿಸಿದ್ದು

ಮೇಜಿನ ಮೇಲಿಂದ ಒಂದು ಆಕ್ರೋಟು ಜಾರಿ ಕೆಳಗೆ ಬಿತ್ತು. ರಾದೋಯೆಯ ಪಾಡು ಶುರುವಾದದ್ದು ಅಲ್ಲಿಂದಲೇ.

ಬಿದ್ದ ಆಕ್ರೋಟು ಬಿದ್ದಲ್ಲೇ ಸುಮ್ಮನಿರಬಹುದಿತ್ತು. ಮೇಜಿನಡಿಗೆ ನುಸುಳಿ ಕಣ್ಮರೆಯಾಗಬಹುದಿತ್ತು. ಅದು ಎರಡನ್ನೂ ಮಾಡದೆ, ಯಾರೋ ಹೆಸರು ಹಿಡಿದು ಕರೆದ ಹಾಗೆ ಗಡಗಡ ಉರುಳಿಕೊಂಡು ಹೋಗಿ ಹಜಾರದ ನಟ್ಟನಡುವೆ ನಿಂತಿತು. ರಾದೋಯೆ ಹುಬ್ಬು ಗಂಟಿಕ್ಕಿ ನೋಡಿದ. ಇನ್ನೊಂದನ್ನು ಕಿಟಕಿಯ ಹತ್ತಿರ ಬಿಟ್ಟ. ಅದೂ ಅಲ್ಲಿಗೇ ಹೋಯಿತು. ಒಲೆಯ ಪಕ್ಕದಿಂದ ಮತ್ತೊಂದನ್ನು ಬಿಟ್ಟ. ಮೂರೂ ಒಂದಕ್ಕೊಂದು ಅಂಟಿಕೊಂಡು, ಚುನಾವಣೆ ಸೋತ ಪಕ್ಷದ ಕಾರ್ಯಕಾರಿ ಸಭೆಯಂತೆ ಕೂತವು.

“ಕೊಸಾರಾ, ನೋಡಿದ್ಯಾ ಇದನ್ನ?”

ಹೆಂಡತಿ ಕೊಸಾರಾ ಸುತ್ತಿಗೆ ಹಿಡಿದು ಆಕ್ರೋಟು ಒಡೆಯುತ್ತಿದ್ದಳು. ನಾಳೆ ಸಂತ ಲೂಕನ ದಿನ, ಆ ಮನೆಯ ಸ್ಲಾವಾ, ಅಂದರೆ ಮನೆತನದ ಸಂತನ ಹಬ್ಬ. ಬೇಯಿಸಿದ ಗೋಧಿಗೆ ಬೆರೆಸಲು ಬುಟ್ಟಿಗಟ್ಟಲೆ ಆಕ್ರೋಟು ಬೇಕಿತ್ತು.

“ನೋಡ್ದೆ. ಆಟ ಆಡಿದ್ದು ಸಾಕು, ಹೆಕ್ಕಿ ಕೊಡಿ.”

“ನೆಲ ನಡುವೆ ಕುಸಿದಿದೆ ಕಣೇ!”

“ಕುಸಿದಿದ್ರೆ ಕುಸೀಲಿ. ಅಲ್ಲಿ ಗೋಧಿ ಸೀದುಹೋಗ್ತಾ ಇದೆ,” ಎಂದು ಅವಳು ಅಡುಗೆಮನೆಗೆ ಓಡಿದಳು.

ರಾದೋಯೆಗೆ ಮಾತ್ರ ಆ ಮೂರು ಆಕ್ರೋಟುಗಳಿಂದ ಕಣ್ಣು ಕೀಳಲಾಗಲಿಲ್ಲ. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ನಾಳೆ ಬೀದಿಗೆ ಬೀದಿಯೇ ಈ ಹಜಾರದಲ್ಲಿ ಕೂತು ಹುರಿದ ಹಂದಿಮಾಂಸ ತಿನ್ನುತ್ತದೆ, ಹಣ್ಣಿನ ಸಾರಾಯಿ ರಕಿಯಾ ಕುಡಿಯುತ್ತದೆ, ಕುಡಿದ ಮೇಲೆ ಕೈ ಕೈ ಹಿಡಿದು ಕುಣಿಯುತ್ತದೆ. ಆಗ ಈ ನೆಲ ಆಕ್ರೋಟುಗಳನ್ನು ಕರೆದ ಹಾಗೆ ನೆಂಟರನ್ನೂ ನಡುವಿಗೆ ಕರೆದು, ಅಲ್ಲಿಂದ ಸೀದಾ ನೆಲಮಾಳಿಗೆಗೆ ಇಳಿಸಿಬಿಟ್ಟರೆ?

ಬೇರೆ ಯಾವ ವರ್ಷವಾಗಿದ್ದರೂ ಅವನು ಇಷ್ಟು ಬೆದರುತ್ತಿರಲಿಲ್ಲ. ರಾದೋಯೆ ಮನೆಯಳಿಯ. ಕೊಲುಬಾರಾ ನದಿಯ ದಂಡೆಯ ನಮ್ಮ ಊರಲ್ಲಿ ಮನೆಯಳಿಯನಿಗಿಂತ ಬೀದಿಯ ದೀಪದ ಕಂಬಕ್ಕೆ ಹೆಚ್ಚು ಮರ್ಯಾದೆ. ಕಂಬಕ್ಕೆ ಕಡೇಪಕ್ಷ ಎಲ್ಲರೂ ದಾರಿ ಬಿಟ್ಟು ನಡೆಯುತ್ತಾರೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಊರಿನವರಿಗೆಲ್ಲ ಸ್ಟಾಂಪು ಕೊಡುತ್ತಿದ್ದ ಅವನನ್ನು ಊರು “ಮಿಲುಂಕಾ ಅಳಿಯ” ಎಂದೇ ಕರೆಯುತ್ತಿತ್ತು. ಮಾವ ತೀರಿಕೊಂಡ ಮೇಲೆ ಸ್ಲಾವಾದ ರೊಟ್ಟಿಯನ್ನು ಪಾದ್ರಿಯ ಎದುರು ಹಿಡಿದು ನಿಲ್ಲುತ್ತಿದ್ದವಳು ಅತ್ತೆ ಮಿಲುಂಕಾಳೇ. ಈ ಸಲ ಅವಳ ಮೊಣಕಾಲು ಕೈಕೊಟ್ಟಿತ್ತು. “ನಾಳೆ ಯಜಮಾನ ನೀವೇ ಆಗಿ, ಅಳಿಯಂದಿರೇ. ರೊಟ್ಟಿ ಹಿಡ್ಕೊಂಡು ನಿಂತ್ರೆ ಸಾಕು. ಬೀಳಿಸಬೇಡಿ, ಅಷ್ಟೇ,” ಎಂದಿದ್ದಳು. ಆ ಮಾತು ಕೇಳಿದಾಗಿನಿಂದ ರಾದೋಯೆ ಕನ್ನಡಿ ಮುಂದೆ ತಟ್ಟೆ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದ.

ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದ. ಹಜಾರದ ಕೆಳಗೆ ಸರಿಯಾಗಿ ಅಷ್ಟೇ ಅಗಲದ ಕಲ್ಲಿನ ಕೋಣೆ. ಒಂದು ಬದಿಗೆ ಒಂದರ ಮೇಲೊಂದು ಪೇರಿಸಿದ ವೈನ್ ಪೀಪಾಯಿಗಳು, ಇನ್ನೊಂದು ಬದಿಗೆ ಸೂರಿನವರೆಗೂ ಚಳಿಗಾಲದ ಭರಣಿಗಳ ಕಪಾಟು. ಮೇಲೆ ಸುಣ್ಣದ ಗಿಲಾವು ಮಾಡಿದ ಸೂರು, ಅದಕ್ಕೆ ಅಂಟಿಕೊಂಡಂತೆ ಒಂದು ಓಕ್ ಮರದ ದಪ್ಪ ತೊಲೆ, ಹೊಗೆ ಹಿಡಿದ ಬಾಣಲೆಯಂತೆ ಕಪ್ಪಗೆ. ರಾದೋಯೆ ಟಾರ್ಚನ್ನು ಅದರುದ್ದಕ್ಕೂ ಓಡಿಸಿದ. ನಡುಮಧ್ಯದಲ್ಲಿ ಒಂದು ಬಿರುಕು! ಬೆರಳು ಇಟ್ಟು ನೋಡಿದ. ಬೆರಳು ಒಳಗೆ ಹೋಯಿತು. ಅವನ ಜೀವ ಹೊರಗೆ ಬಂತು.

“ಅಮ್ಮನ್ನ ಕೇಳಿ,” ಅಂದಳು ಕೊಸಾರಾ, ಗೋಧಿ ತಿರುವುತ್ತಾ. “ಈ ಮನೆ ವಿಷಯ ಅವಳಿಗೆ ಗೊತ್ತಿರೋ ಹಾಗೆ ಯಾರಿಗೆ ಗೊತ್ತು?”

“ಅತ್ತೆ ಕಿವಿಗೆ ಬಿತ್ತೋ, ನಾಳೆ ರೊಟ್ಟಿ ಅವರ ಕೈಗೇ ಹೋಗುತ್ತೆ. ನೀನು ಬಾಯಿ ಬಿಡಬೇಡ. ನಾನೇ ಸರಿ ಮಾಡ್ತೀನಿ.”

“ನೀವಾ?” ಎಂದು ಕೊಸಾರಾ ಕೇಳಿದ ರೀತಿ ಇತ್ತಲ್ಲ, ಅದೇ ಅವನನ್ನು ಬೇಲಿಯ ಹತ್ತಿರಕ್ಕೆ ಓಡಿಸಿದ್ದು.

ಅವನಿಗೆ ಬೇಕಾಗಿದ್ದದ್ದು ತೊಲೆಯ ಕೆಳಗೆ ಕೊಡಲು ಒಂದು ಗಟ್ಟಿ ಮರದ ತುಂಡು, ಅಷ್ಟೆ. ಬೇಲಿಯಾಚೆ ಒಬ್ರಾದ್ ಇದ್ದ. ಆಯುಷ್ಯವೆಲ್ಲ ಲಾರಿ ಓಡಿಸಿ ಈಗ ವಿಶ್ರಾಂತಿಯಲ್ಲಿದ್ದ ಮನುಷ್ಯ. ಲಾರಿ ಮಾರಿದ್ದರೂ ಅದರ ಜಾಕಿಯನ್ನು ಮಾರಿರಲಿಲ್ಲ. ಲೋಕದ ಯಾವ ತೊಂದರೆಗೂ ಅವನಲ್ಲಿ ಒಂದೇ ಮದ್ದು: ಜಾಕಿ ಕೊಟ್ಟು ಎತ್ತುವುದು.

“ಒಬ್ರಾದಣ್ಣ, ಒಂದು ಕಂಬದ ತುಂಡು ಇದ್ಯಾ?” ರಾದೋಯೆ ಮೆಲ್ಲಗೆ ಕೇಳಿದ.

“ಯಾತಕ್ಕೆ?”

“ಏನಿಲ್ಲ, ಹಜಾರದ ಕೆಳಗೆ ತೊಲೆ ಒಂಚೂರು ಬಿರುಕು ಬಿಟ್ಟಿದೆ...”

“ತೊಲೆ ಬಿರುಕಾ!” ಒಬ್ರಾದ್ ಕೂಗಿದ್ದು ನದಿಯ ಆಚೆ ದಡಕ್ಕೂ ಕೇಳಿಸಿತು. “ನಾಳೆ ಸ್ಲಾವಾ ಇಟ್ಕೊಂಡು ಕಂಬದ ತುಂಡು ಅಂತಾನೆ! ಜಾಕಿ ಬೇಕು ಮಾರಾಯ, ಜಾಕಿ!”

“ಜಾಕಿ ಆಮೇಲೆ. ಮೊದಲು ಉಕ್ಕು ಬೇಕು,” ಎಂಬ ದನಿ ಇನ್ನೊಂದು ಬೇಲಿಯಿಂದ ಬಂತು. ಅದು ವುಕಾಶಿನ್. ಬಹಳ ಕಾಲ ಜರ್ಮನಿಯ ಕಾರ್ಖಾನೆಯಲ್ಲಿ ದುಡಿದು ಬಂದು, ಗೇಟಿಗೆ ಎರಡು ಕಲ್ಲಿನ ಸಿಂಹ ಕೂರಿಸಿ, ಮೂರಂತಸ್ತಿನ ಮನೆ ಎಬ್ಬಿಸಿ, ತಾನು ಮಾತ್ರ ಕೆಳಗಿನ ಅಡುಗೆಮನೆಯಲ್ಲಿ ವಾಸವಾಗಿದ್ದವನು. “ಬಿರುಕು ಬಿಟ್ಟ ಮರಕ್ಕೆ ಎರಡೂ ಕಡೆ ಚಾನೆಲ್ ಅಂತ ಉದ್ದನೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹೊಡೀಬೇಕು. ಜರ್ಮನಿಯಲ್ಲಿ ಹಾಗೇ.”

ನಮ್ಮೂರಲ್ಲಿ ನೀವು ಯಾರನ್ನಾದರೂ ಒಂದು ಮೊಳೆ ಕೇಳಿ ನೋಡಿ. ಮೊಳೆ ಸಿಗುವುದಿಲ್ಲ, ಸಮಿತಿ ಸಿಗುತ್ತದೆ.

ಸಮಿತಿ ನೆಲಮಾಳಿಗೆಗೆ ಇಳಿಯಿತು. ಬಂದವರಿಗೆ ರಕಿಯಾ ಕೊಡದೆ ಕೆಲಸ ಹೇಳುವುದುಂಟೇ? ರಾದೋಯೆ ಬಾಟಲಿ ತಂದ. ವುಕಾಶಿನ್ ಬಿರುಕಿಗೆ ಬೆರಳು ತೂರಿಸಿ ಕಣ್ಣು ಮುಚ್ಚಿದ, ನಾಡಿ ಹಿಡಿದ ವೈದ್ಯನಂತೆ. ಒಬ್ರಾದ್ ತಾನೂ ತೂರಿಸಿದ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು, ಬಾಗಿಲು ತೆರೆದಿದೆ ಎಂಬ ಒಂದೇ ಕಾರಣಕ್ಕೆ ಒಳಗೆ ಬಂದು, ಅವರೂ ಬೆರಳು ತೂರಿಸಿ, ಒಂದೊಂದು ಗುಟುಕು ಕುಡಿದು, ತಲೆ ಅಲ್ಲಾಡಿಸಿ ಹೊರಟುಹೋದರು.

“ಜರ್ಮನಿಯಲ್ಲಿ ಇಂಥಾ ಮನೆಯೊಳಗೆ ನಾಯಿನೂ ಬಿಡಲ್ಲ,” ಎಂದ ವುಕಾಶಿನ್.

“ಅಲ್ಲಿ ನಿನ್ನನ್ನ ಬಿಟ್ಟಿದ್ರಲ್ಲ,” ಎಂದ ಒಬ್ರಾದ್.

“ನೋಡು ರಾದೋಯೆ, ಇವನ ಮಾತು ಬಿಡು. ಮರ ಒಂದೇ ಇದ್ರೆ ಬಗ್ಗುತ್ತೆ. ಉಕ್ಕು ಒಂದೇ ಇದ್ರೆ ತಿರುಚಿಕೊಳ್ಳುತ್ತೆ. ಮರದ ಎರಡೂ ಪಕ್ಕ ಉಕ್ಕು ಅಪ್ಪಿ ಹಿಡಿದು, ಮೂರನ್ನೂ ತೂರಿ ಬೋಲ್ಟ್ ಬಿಗಿದ್ರೆ, ಆನೆ ಕುಣಿದ್ರೂ ಅಲ್ಲಾಡಲ್ಲ. ನನ್ನ ಅಂಗಳದಲ್ಲಿ ಚಾನೆಲ್ ಬಿದ್ದಿವೆ, ನಾಲ್ಕನೇ ಅಂತಸ್ತಿಗೆ ಅಂತ ತರಿಸಿದ್ದು. ಕೊಡ್ತೀನಿ. ದುಡ್ಡು ಬೇಡ. ನಾನು ಹೇಳಿದ ಹಾಗೆ ಕೇಳಿದ್ರೆ ಸಾಕು.”

“ಎತ್ತದೆ ಹೇಗೆ ಬೋಲ್ಟ್ ಹೊಡೀತೀಯ?” ಒಬ್ರಾದ್ ಬಿಡಲಿಲ್ಲ. “ಬಗ್ಗಿದ್ದನ್ನ ಬಗ್ಗಿದ ಹಾಗೇ ಬಿಗಿದ್ರೆ, ಗೂನುಬೆನ್ನಿನವನಿಗೆ ಕೋಟು ಹೊಲಿದ ಹಾಗಾಗುತ್ತೆ. ಮೊದಲು ಜಾಕಿ ಕೊಟ್ಟು ಮಟ್ಟಕ್ಕೆ ತರಬೇಕು.”

ಇದೊಂದು ಮಾತಿಗೆ ವುಕಾಶಿನ್ ಎದುರಾಡಲಿಲ್ಲ. ಅವರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು. ಆ ಸಂತೋಷಕ್ಕೆ ಮತ್ತೊಂದು ಸುತ್ತು ರಕಿಯಾ ಆಯಿತು.

“ರಾದೋಯೆ! ಕೆಳಗೇನು ಸಂತೆ?” ಮೇಲಿನಿಂದ ಅತ್ತೆಯ ದನಿ. ಅವಳು ಹಜಾರಕ್ಕೆ ಬಂದು ಮೇಜುಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

“ಪೀಪಾಯಿ ಸರಿಸ್ತಿದೀವಿ ಅತ್ತೆ!”

“ಸರಿಸಿ, ಕುಡೀಬೇಡಿ!”

ಚಾನೆಲ್ ತರುವುದು ಒಂದು ಮೆರವಣಿಗೆಯೇ ಆಯಿತು. ಮುಂದೆ ವುಕಾಶಿನ್, ಹಿಂದೆ ಒಬ್ರಾದ್, ನಡುವೆ ಭಾರವೆಲ್ಲ ಹೊತ್ತು ರಾದೋಯೆ. ಮುಂದಿನವನು ಎಡಕ್ಕೆ ಅಂದರೆ ಹಿಂದಿನವನು ಬಲಕ್ಕೆ ಅನ್ನುತ್ತಿದ್ದ. ತಿರುವಿನಲ್ಲಿ ಚಾನೆಲ್ಲಿನ ಬಾಲ ವುಕಾಶಿನ್‌ನದೇ ಸಿಂಹದ ಮೂಗು ಹಾರಿಸಿತು. “ಪರವಾಗಿಲ್ಲ, ಗಮ್ಮು ಹಾಕಿದ್ರೆ ಕೂರುತ್ತೆ,” ಎಂದು ಅವನು ಮೂಗನ್ನು ಜೇಬಿಗೆ ಹಾಕಿಕೊಂಡ. ಕಿಟಕಿಗಳಿಂದ ಹೆಂಗಸರು ಇಣುಕಿದರು. “ಮಿಲುಂಕಾ ಮನೆ ಕೂತುಬಿಡ್ತಂತೆ” ಎಂದು ಬೀದಿಯ ಈ ತುದಿಯಲ್ಲಿ ಹೊರಟ ಮಾತು ಆ ತುದಿ ಮುಟ್ಟುವಾಗ “ಮಿಲುಂಕಾ ಹೋಗಿಬಿಟ್ಟಳಂತೆ” ಆಗಿತ್ತು. ಒಬ್ಬಳು ಅಳುತ್ತಾ ಮೇಣದಬತ್ತಿ ಹಿಡಿದು ಬಂದು, ಹಜಾರದ ಕಿಟಕಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದ ಮಿಲುಂಕಾಳನ್ನು ಕಂಡು, ಮೇಣದಬತ್ತಿ ಬಚ್ಚಿಟ್ಟುಕೊಂಡು ವಾಪಸ್ಸಾದಳು.

ನೆಲಮಾಳಿಗೆಯ ಮೆಟ್ಟಿಲು ತಿರುವಿನದು. ಚಾನೆಲ್ ಅಲ್ಲಿ ಇಳಿಯಲಿಲ್ಲ. ಗಾಳಿಗಂಡಿಯಿಂದ ತೂರಿಸುವುದೆಂದಾಯಿತು. ಹೊರಗಿನಿಂದ ಇಬ್ಬರು ತಳ್ಳುವುದು, ಒಳಗಿನಿಂದ ರಾದೋಯೆ ಹಿಡಿಯುವುದು.

“ಹಿಡ್ಕೊಂಡ್ಯಾ?” ಹೊರಗಿನಿಂದ ಒಬ್ರಾದ್ ಕೂಗಿದ.

“ಇನ್ನೂ ಇಲ್ಲ!” ಎಂದ ರಾದೋಯೆ. ಹೊರಗೆ ಕೇಳಿಸಿದ್ದು “ಇಲ್ಲ” ಒಂದು ಬಿಟ್ಟು ಉಳಿದದ್ದು.

ಚಾನೆಲ್ ಬಾಣದಂತೆ ಒಳನುಗ್ಗಿ ಸೀದಾ ಕಪಾಟಿಗೆ ಬಡಿಯಿತು. ಕೆಂಪು ದಪ್ಪಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ದಿನವಿಡೀ ತಿರುವಿ ಕೊಸಾರಾ ಮಾಡಿಟ್ಟಿದ್ದ ಅಯ್ವಾರ್ ಭರಣಿಗಳ ಒಂದು ಸಾಲಿಗೆ ಸಾಲೇ ನೆಲಕ್ಕೆ ಬಂತು. ಸದ್ದು ಕೇಳಿ ಓಡಿ ಬಂದ ಕೊಸಾರಾ ಕಂಡದ್ದು ತಲೆಯಿಂದ ಕಾಲಿನವರೆಗೆ ಕೆಂಪಾಗಿ ನಿಂತ ಗಂಡನನ್ನು.

“ಅಯ್ಯೋ ರಕ್ತ!” ಎಂದು ಕಿರುಚಿದಳು. ಆಮೇಲೆ ಮೂಸಿ ನೋಡಿದಳು. “ಅಯ್ಯೋ ಅಯ್ವಾರ್!” ಎಂದು ಇನ್ನೂ ಜೋರಾಗಿ ಕಿರುಚಿದಳು.

ಅಷ್ಟರಲ್ಲಿ ಪಾದ್ರಿ ಸ್ಪಿರಿದೋನ್ ಬಂದರು. ಸ್ಲಾವಾದ ಹಿಂದಿನ ದಿನ ಮನೆಮನೆಗೆ ಹೋಗಿ ನೀರು ಮಂತ್ರಿಸುವುದು ಅವರ ಕೆಲಸ. ದೊಡ್ಡ ಆಸಾಮಿ, ಮೆಟ್ಟಿಲು ಹತ್ತಿ ಅವರು ಹಜಾರಕ್ಕೆ ಕಾಲಿಟ್ಟಾಗ ನೆಲಮಾಳಿಗೆಯ ಸೂರಿನಿಂದ ಸುಣ್ಣ ಉದುರಿತು.

“ನೋಡಿದ್ರಾ?” ವುಕಾಶಿನ್ ಪಿಸುಗುಟ್ಟಿದ. “ಒಬ್ಬ ಪಾದ್ರಿಗೇ ಹೀಗೆ. ನಾಳೆ ಊರು ಬಂದ್ರೆ?”

“ಎತ್ತಲಾ?” ಎಂದ ಒಬ್ರಾದ್.

“ಪಾದ್ರಿಗಳು ಹೋಗಲಿ, ಆಮೇಲೆ...” ಎಂದು ರಾದೋಯೆ ಹೇಳುವಷ್ಟರಲ್ಲಿ ಒಬ್ರಾದ್ ತೊಲೆಯ ನಡುವಿಗೆ ಸರಿಯಾಗಿ ಕಲ್ಲಿಟ್ಟು, ಕಲ್ಲಿನ ಮೇಲೆ ಜಾಕಿ ಇಟ್ಟು, ಜಾಕಿಯ ಮೇಲೆ ಮರದ ದಿಮ್ಮಿ ಇಟ್ಟು, ಸರಳು ಹಿಡಿದು ಒತ್ತತೊಡಗಿದ್ದ. ಲಾರಿಯ ಜಾಕಿ ಮನುಷ್ಯನ ಮಾತು ಕೇಳುವಂಥದ್ದಲ್ಲ. ಮನೆ ಮುದುಕನಂತೆ ನರಳಿತು. ಗೋಡೆಯೊಳಗೆಲ್ಲೋ ಚಟಚಟ ಅಂದಿತು. ವುಕಾಶಿನ್ ತೊಲೆಗೆ ಹಿಡಿದಿದ್ದ ರಸಮಟ್ಟದಲ್ಲಿ ಗುಳ್ಳೆ ಮೆಲ್ಲಗೆ ಸರಿದು ಸರಿದು ನಡುವೆ ಬಂದು ನಿಂತಿತು.

“ಮಟ್ಟ!” ಎಂದು ಮೂವರೂ ಕೂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಯ್ವಾರ್ ಈಗ ಮೂವರಿಗೂ ಅಂಟಿತು.

ಮೇಲೆ ಬಾಗಿಲು ಬಡಿಯುವ ಸದ್ದು ಶುರುವಾದದ್ದು ಆಗಲೇ. ಕೊಸಾರಾ ಮತ್ತೆ ಓಡಿ ಬಂದಳು.

“ರೀ, ಹಜಾರದ ಬಾಗಿಲು ತೆಗೀತಾ ಇಲ್ಲ! ಅಮ್ಮ, ಪಾದ್ರಿಗಳು ಇಬ್ಬರೂ ಒಳಗೇ ಸಿಕ್ಕಿಹಾಕ್ಕೊಂಡಿದ್ದಾರೆ!”

ವಿಷಯ ಸರಳವಾಗಿತ್ತು. ಆ ಮನೆ ಎಷ್ಟೋ ಕಾಲದಿಂದ ಸೊಟ್ಟಗಿತ್ತು; ಬಾಗಿಲನ್ನು ಆ ಸೊಟ್ಟಕ್ಕೆ ತಕ್ಕಂತೆ ಸವರಿ ಕೂರಿಸಿದ್ದರು. ಈಗ ನೆಲ ನೆಟ್ಟಗಾಗಿ ಬಾಗಿಲು ಸೊಟ್ಟಗಾಗಿತ್ತು. ಕಿಟಕಿಗಳೂ ಅಷ್ಟೇ, ಹಲ್ಲು ಕಚ್ಚಿ ಕೂತಿದ್ದವು.

“ಸ್ವಲ್ಪ ಇಳಿಸು ಒಬ್ರಾದಣ್ಣ,” ರಾದೋಯೆ ಬೇಡಿಕೊಂಡ.

“ಇಳಿಸಿದ್ರೆ ತೊಲೆ ಮತ್ತೆ ಬಗ್ಗುತ್ತೆ,” ಎಂದ ವುಕಾಶಿನ್. “ಬೋಲ್ಟ್ ಬೀಳೋವರೆಗೂ ಮುಟ್ಟೋ ಹಾಗಿಲ್ಲ.”

“ಒಳಗೆ ಮನುಷ್ಯರಿದಾರಪ್ಪಾ!”

“ಇರಲಿ. ಒಬ್ರು ದೇವರ ಮನುಷ್ಯರು. ಇನ್ನೊಬ್ರು ನಿನ್ನ ಅತ್ತೆ. ಇಬ್ರಿಗೂ ಏನೂ ಆಗಲ್ಲ.”

ಬಾಗಿಲು ತೆರೆಯಬೇಕೆಂದರೆ ತೊಲೆ ಬಗ್ಗಬೇಕು, ತೊಲೆ ನಿಲ್ಲಬೇಕೆಂದರೆ ಬಾಗಿಲು ಮುಚ್ಚಬೇಕು. ಅತ್ತ ದರಿ, ಇತ್ತ ಅತ್ತೆ. ರಾದೋಯೆ ಮೇಲೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತ.

“ಅತ್ತೆ, ಗಾಬರಿ ಆಗ್ಬೇಡಿ...”

“ಗಾಬರಿ ನನಗಲ್ಲ, ಪಾದ್ರಿಗಳಿಗೆ. ಇನ್ನೂ ಎಷ್ಟೋ ಮನೆ ಬಾಕಿ ಇದೆಯಂತೆ. ಕೆಳಗೆ ಏನು ನಡೀತಿದೆ? ನಿಜ ಹೇಳಿ ಅಳಿಯಂದಿರೇ!”

“ಆಕ್ರೋಟು ಖಾಲಿ ಆಗ್ತಾ ಬಂತು ಮಗಾ, ಬೇಗ ತೆಗಿ,” ಎಂದು ಪಾದ್ರಿಯ ದನಿ ಸೇರಿಕೊಂಡಿತು.

ಅತ್ತೆಗೂ ತನಗೂ ನಡುವೆ ತೆರೆಯಲಾಗದ ಒಂದು ಬಾಗಿಲು ಇರುವುದು ಮದುವೆಯಾದ ಮೇಲೆ ಅದೇ ಮೊದಲು. ರಾದೋಯೆಗೆ ಎಲ್ಲಿಲ್ಲದ ಧೈರ್ಯ ಬಂತು. ಕುಡಿದ ರಕಿಯಾವೂ ಕೈಜೋಡಿಸಿತು. ಎದೆ ಉಬ್ಬಿಸಿ, ಬಾಗಿಲಿಗೇ ಬೆರಳು ತೋರಿಸಿ ಹೇಳಿದ:

“ಅತ್ತೆ, ನಾಳೆ ಈ ಮನೆಗೆ ಯಜಮಾನ ನಾನು. ಇದು ಗಂಡಸರ ಕೆಲಸ. ತೊಲೆ ಬಿರುಕು ಬಿಟ್ಟಿದೆ, ಉಕ್ಕು ಕಟ್ಟಿಸ್ತಿದೀನಿ. ಮುಗಿಯೋವರೆಗೂ ತೆಪ್ಪಗೆ ಕೂತ್ಕೊಳ್ಳಿ!”

ಒಳಗಿನಿಂದ ಅತ್ತೆಯ ದನಿ, ಹಿಂದೆಂದೂ ಇಲ್ಲದಷ್ಟು ಮೆತ್ತಗೆ: “ಯಾವ ತೊಲೆ?”

“ಇರೋದೇ ಒಂದು ತೊಲೆ, ಅತ್ತೆ!”

“ಆ ಕರೀ ತೊಲೇನಾ? ಏ ರಾದೋಯೆ, ನಿಲ್ಲಿ, ಅದು...”

ಮುಂದಿನದು ಕೇಳಿಸಲಿಲ್ಲ. ಕೆಳಗೆ ವುಕಾಶಿನ್ ಡ್ರಿಲ್ ಚಾಲೂ ಮಾಡಿದ್ದ. ರಾದೋಯೆ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದ. ಬದುಕಿನಲ್ಲಿ ಮೊದಲ ಸಲ ಕೊನೆಯ ಮಾತು ತನ್ನದಾಗಿತ್ತು. ಅದನ್ನು ಕೆಡಿಸಿಕೊಳ್ಳಲು ಅವನು ತಯಾರಿರಲಿಲ್ಲ.

ಕೆಲಸ ಭರದಿಂದ ಸಾಗಿತು. ತೊಲೆಯ ಎರಡೂ ಪಕ್ಕಕ್ಕೆ ಚಾನೆಲ್ ಏರಿಸಿ, ಹಗ್ಗದಲ್ಲಿ ಕಟ್ಟಿ, ತೂತು ಕೊರೆದು, ಬೋಲ್ಟ್ ಹಾಕಿದರು. ಚಾನೆಲ್ ತೊಲೆಗಿಂತ ಗಿಡ್ಡವಾಗಿತ್ತು. “ತುದಿಗೆ ಬೇಕಾಗಿಲ್ಲ. ಬಗ್ಗೋದು ನಡು, ಗಟ್ಟಿ ಬೇಕಾಗಿರೋದು ನಡುವಿಗೆ,” ಎಂದ ವುಕಾಶಿನ್. ಓಕ್ ಮರ ಹಳೆಯದಾದಷ್ಟೂ ಕಬ್ಬಿಣವಾಗುತ್ತದೆ. ಡ್ರಿಲ್ಲಿನ ಮೊನೆಗಳು ಒಂದಾದ ಮೇಲೊಂದು ಮುರಿದವು. ಸ್ಪಾನರ್ ತಿರುಗಿಸಿ ರಾದೋಯೆಯ ಅಂಗೈ ಬೊಬ್ಬೆ ಎದ್ದಿತು. ಮೇಲಿನಿಂದ ಅತ್ತೆ ಇಸ್ತ್ರಿಪೆಟ್ಟಿಗೆಯಿಂದ ನೆಲ ಕುಟ್ಟುತ್ತಾ ಏನೋ ಕೂಗುತ್ತಲೇ ಇದ್ದಳು. ಆ ಗದ್ದಲದಲ್ಲಿ ಕೆಳಗೆ ಇಳಿದು ಬರುತ್ತಿದ್ದದ್ದು ಒಂದೊಂದೇ ತುಣುಕು.

“ಏನೋ ‘ಹಂದಿ’ ಅಂತಿದಾರೆ,” ಎಂದ ಒಬ್ರಾದ್, ಕಿವಿ ಕೊಟ್ಟು.

“ನನಗೇ ಇರಬೇಕು,” ಎಂದ ರಾದೋಯೆ, ಬೋಲ್ಟ್ ಬಿಗಿಯುತ್ತಾ. “ಅಭ್ಯಾಸ ಆಗಿದೆ.”

ಎಲ್ಲ ಬಿಗಿದಾದ ಮೇಲೆ ವುಕಾಶಿನ್ ಮನೆಗೆ ಹೋಗಿ ವೆಲ್ಡಿಂಗ್ ಯಂತ್ರ ತಂದ. “ನಟ್ಟು ಕಾಲಾಂತರದಲ್ಲಿ ಸಡಿಲಾಗುತ್ತೆ. ಬೆಸೆದುಬಿಟ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚೋಕಾಗಲ್ಲ,” ಎಂದು ಪ್ರತಿಯೊಂದು ನಟ್ಟನ್ನೂ ಚಾನೆಲ್ಲಿಗೆ ಬೆಸೆದ. ಕಿಡಿಗಳು ಹಾರಿದವು. ಬೀದಿಯ ದೀಪಗಳು ಒಮ್ಮೆ ಮಂಕಾಗಿ ಹೊತ್ತಿಕೊಂಡವು. ಕೊನೆಗೆ ಮೂವರೂ ಹಿಂದೆ ಸರಿದು ನಿಂತು ನೋಡಿದರು. ಕಪ್ಪು ತೊಲೆ ಎರಡು ಉಕ್ಕಿನ ತೋಳುಗಳ ನಡುವೆ, ಪೊಲೀಸರು ಹಿಡಿದ ಕಳ್ಳನಂತೆ ಅಲುಗಾಡದೆ ನಿಂತಿತ್ತು. ರಾದೋಯೆಯ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಮನೆಯಲ್ಲಿ ಅವನು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ, ಹೊಡೆಯಲು ಯಾರೂ ಬಿಟ್ಟಿರಲಿಲ್ಲ.

“ಈಗ ಇಳಿಸು,” ಎಂದ ಗಂಭೀರವಾಗಿ, ಯಜಮಾನನ ದನಿಯಲ್ಲಿ.

ಒಬ್ರಾದ್ ಜಾಕಿಯ ತಿರುಪು ಬಿಟ್ಟ. ಜಾಕಿ ಉಸ್ಸೆಂದು ಇಳಿಯಿತು. ಅದರ ಜೊತೆ ತೊಲೆಯೂ ಇಳಿಯಿತು. ತೊಲೆಯ ಜೊತೆ ಸೂರೂ ಇಳಿಯಿತು. ಗಿಲಾವು ಕಿತ್ತು ದಬದಬ ಬಿತ್ತು. ಮೇಲೆ ಏನೋ ಭಾರದ್ದು ಸರಕ್ಕನೆ ಜಾರಿದ ಸದ್ದು, “ದೇವರೇ!” ಎಂದು ಪಾದ್ರಿಯ ಕೂಗು, ಜೊತೆಗೆ ಬಾಗಿಲು ತಾನಾಗಿ ಧಡಾರನೆ ತೆರೆದುಕೊಂಡ ಸದ್ದು.

ಒಬ್ರಾದ್ ಒಂದೇ ಉಸಿರಿಗೆ ಜಾಕಿಯನ್ನು ಮತ್ತೆ ಒತ್ತಿ ನಿಲ್ಲಿಸಿದ. ಆ ಒಂದು ಗಳಿಗೆಯಲ್ಲಿ ಅತ್ತೆ ಹೊರಗೆ ಬಂದಿದ್ದಳು. ಅವಳ ಹಿಂದೆ, ಗಡ್ಡದಲ್ಲಿ ಆಕ್ರೋಟಿನ ಚೂರು ಸಿಕ್ಕಿಸಿಕೊಂಡು, ಮೈಮೇಲೆ ಮಂತ್ರಿಸಿದ ನೀರೆಲ್ಲ ಚೆಲ್ಲಿಕೊಂಡು ಪಾದ್ರಿ ಸ್ಪಿರಿದೋನ್.

“ಮೇಜು ನಡುವಿಗೆ ಓಡಿ ಬಂತು,” ಎಂದರು ಪಾದ್ರಿ. “ನನ್ನನ್ನೂ ಕರಕೊಂಡು.”

ಮಿಲುಂಕಾ ಮೊಣಕಾಲು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದಳು. ತೊಲೆ ನೋಡಿದಳು. ಚಾನೆಲ್ ನೋಡಿದಳು. ಬೆಸೆದ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಕೊನೆಗೆ, ಅಯ್ವಾರ್ ಮೆತ್ತಿಕೊಂಡ ಮೂವರು ಗಂಡಸರನ್ನು ನೋಡಿದಳು.

“ಇದರ ತುದಿ ಯಾರಾದ್ರೂ ನೋಡಿದ್ರಾ?”

ಮೂವರೂ ತೊಲೆಯ ನಡುವಿಗೆ ಬೆರಳು ತೋರಿಸಿದರು.

“ಪೀಪಾಯಿ ಹಿಂದೆ ನೋಡಿ. ಕಪಾಟಿನ ಹಿಂದೆ ನೋಡಿ.”

ರಾದೋಯೆ ಟಾರ್ಚು ಹಿಡಿದು ಪೀಪಾಯಿಯ ಹಿಂದೆ ಇಣುಕಿದ. ತೊಲೆಯ ತುದಿಗೂ ಗೋಡೆಗೂ ನಡುವೆ ಅಂಗೈ ಅಗಲದ ಸಂದು. ಇನ್ನೊಂದು ತುದಿಯೂ ಹಾಗೆಯೇ. ತೊಲೆ ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಮೇಲಿನಿಂದ ಎರಡು ಕಬ್ಬಿಣದ ಪಟ್ಟಿಗಳಲ್ಲಿ ತೂಗಿಕೊಂಡಿತ್ತು. ಬಂದವರೆಲ್ಲ ಬಿರುಕಿಗೆ ಬೆರಳಿಟ್ಟಿದ್ದರೇ ಹೊರತು ತುದಿಯ ಕಡೆ ಒಬ್ಬನೂ ಕಣ್ಣಿಟ್ಟಿರಲಿಲ್ಲ.

“ಮನೆ ಹೊತ್ತಿರೋ ತೊಲೆಗಳು ಗಿಲಾವಿನೊಳಗಿವೆ,” ಎಂದಳು ಅತ್ತೆ. “ಕಲ್ಲಿನ ಹಾಗಿವೆ. ಇದು ನಿಮ್ಮ ಮಾವ ಹಂದಿ ಕಡಿದಾಗ ತೂಗುಹಾಕೋಕೆ ಅಂತ ಅವುಗಳಿಗೆ ಕಟ್ಟಿದ ದಿಮ್ಮಿ. ಅವರು ತಂದ ದಿನದಿಂದ ಬಿರುಕು ಬಿಟ್ಟೇ ಇದೆ. ಇದು ಏನನ್ನೂ ಹೊತ್ತಿರಲಿಲ್ಲ, ಅಳಿಯಂದಿರೇ. ಇದನ್ನೇ ಬೇರೆಯವು ಹೊತ್ತಿದ್ದವು. ಈಗ ಅವುಗಳ ಕುತ್ತಿಗೆಗೆ ಇಷ್ಟು ಉಕ್ಕು ಕಟ್ಟಿ ನೇತುಹಾಕಿದ್ದೀರಿ.”

“ಮತ್ತೆ ಆ ನೆಲ? ಇಳಿಜಾರು?” ರಾದೋಯೆಯ ದನಿ ಅವನಿಗೇ ಕೇಳಿಸಲಿಲ್ಲ.

“ನಾನು ಮದುವೆಯಾಗಿ ಬಂದಾಗಲೂ ಹಾಗೇ ಇತ್ತು. ಗುಡಿಸೋಕೆ ಸುಲಭ. ಕಸ ತಾನಾಗೇ ನಡುವೆ ಬರುತ್ತೆ.”

ವುಕಾಶಿನ್ ಗಂಟಲು ಸರಿಮಾಡಿಕೊಂಡ. “ಜರ್ಮನಿಯಲ್ಲಿ ಹಂದೀನ ಹೀಗೆ ತೂಗುಹಾಕಲ್ಲ,” ಎಂದ. “ತಪ್ಪು ಅಲ್ಲೇ ಆಗಿದೆ.”

“ಬಿಚ್ಚಿ ಇದನ್ನ,” ಎಂದಳು ಅತ್ತೆ.

“ಬಿಚ್ಚೋಕಾಗಲ್ಲಮ್ಮ. ಮೊಮ್ಮಕ್ಕಳ ಕಾಲಕ್ಕೂ ಆಗಲ್ಲ. ಗ್ಯಾಸ್ ತಂದು ಕತ್ತರಿಸಬೇಕು. ಹಬ್ಬ ಆದ ಮೇಲೆ ನೋಡೋಣ.”

“ಹಾಗಾದ್ರೆ ಜಾಕಿ ಇಲ್ಲೇ ಇರಲಿ,” ಎಂದ ಒಬ್ರಾದ್ ಉದಾರವಾಗಿ. “ಆದ್ರೆ ಒಂದು ವಿಷಯ. ಜಾಕಿ ಏರಿದ್ರೆ ನೆಲ ನಿಲ್ಲುತ್ತೆ, ಬಾಗಿಲು ತೆಗೆಯಲ್ಲ. ಇಳಿಸಿದ್ರೆ ಬಾಗಿಲು ತೆಗೆಯುತ್ತೆ, ನೆಲ ನಿಲ್ಲಲ್ಲ.”

ಎಲ್ಲರೂ ಮಿಲುಂಕಾಳ ಮುಖ ನೋಡಿದರು. ಅವಳು ಜಾಕಿಯನ್ನು ಒಮ್ಮೆ, ಅಳಿಯನನ್ನು ಒಮ್ಮೆ ನೋಡಿದಳು. ಬೈಯಲಿಲ್ಲ. ಅದಕ್ಕೇ ಅವನಿಗೆ ಭಯವಾದದ್ದು.

ಮಾರನೆಯ ದಿನ ಸಂತ ಲೂಕನ ಸ್ಲಾವಾ ಹಿಂದೆಂದೂ ಇಲ್ಲದಷ್ಟು ಅದ್ದೂರಿಯಾಗಿ ನಡೆಯಿತು. ತೊಲೆಯ ಸುದ್ದಿ ಕೇಳಿ, ಪ್ರತಿ ವರ್ಷ ಬರುವವರ ಜೊತೆ ಎಂದೂ ಬಾರದವರೂ ಬಂದರು. ಮಿಲುಂಕಾ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಪಾದ್ರಿಯ ಎದುರು ತಾನೇ ರೊಟ್ಟಿ ಹಿಡಿದು ನಿಂತಳು, ಬೀಳಿಸಲಿಲ್ಲ. ವುಕಾಶಿನ್ ಮತ್ತು ಒಬ್ರಾದ್ ಮೇಜಿನ ತಲೆಯ ಕಡೆ ಕೂತು, ಮರಕ್ಕೆ ಉಕ್ಕು ಕೊಡುವ ಶಾಸ್ತ್ರವನ್ನು ಬಂದವರಿಗೆಲ್ಲ ವಿವರಿಸುತ್ತಾ ಹಂದಿಮಾಂಸದ ಒಳ್ಳೆಯ ತುಂಡುಗಳನ್ನೆಲ್ಲ ಮುಗಿಸಿದರು. ಊಟಕ್ಕೆ ಮೊದಲೇ ಇಬ್ಬರು ತಮ್ಮ ಮನೆಯ ತೊಲೆ ನೋಡಲು ಬರಬೇಕೆಂದು ಅವರ ಕೈ ಹಿಡಿದು ಬೇಡಿಕೊಂಡಿದ್ದರು.

ರಾದೋಯೆ ಕೆಳಗಿದ್ದ. ಜಾಕಿಯ ಪಕ್ಕದಲ್ಲಿ ಅವನಿಗೊಂದು ಸ್ಟೂಲು ಹಾಕಿದ್ದರು. ಬಾಗಿಲಲ್ಲಿ ನಿಂತ ಕೊಸಾರಾ ಕಾಲಿನಿಂದ ಒಮ್ಮೆ ನೆಲ ತಟ್ಟಿದರೆ ಇಳಿಸುವುದು. ನೆಂಟರು ಒಳಗೆ ಬಂದ ಮೇಲೆ ಎರಡು ಸಲ ತಟ್ಟಿದರೆ ಏರಿಸುವುದು. ಸ್ಲಾವಾಕ್ಕೆ ಬರುವವರು ಒಟ್ಟಿಗೆ ಬರುವ ಜಾತಿಯಲ್ಲ. ಬೆಳಗಿನಿಂದ ಏರಿಸಿ ಇಳಿಸಿ ಅವನ ತೋಳು ಬಿದ್ದುಹೋಗಿತ್ತು. ಕುಣಿತ ಶುರುವಾದಾಗಲಂತೂ ಯಾವುದು ಕೊಸಾರಾಳ ಕಾಲು, ಯಾವುದು ಕುಣಿಯುವವರ ಕಾಲು ಎಂದು ತಿಳಿಯದೆ, ಒಂದು ತಟ್ಟಿಗೆ ಇಳಿಸುತ್ತಾ ಎರಡಕ್ಕೆ ಏರಿಸುತ್ತಾ ಇಡೀ ಹಜಾರವನ್ನು ತಾಳಕ್ಕೆ ಸರಿಯಾಗಿ ತೂಗಿದ. ಇಂಥ ಕುಣಿತ ಆಯುಷ್ಯದಲ್ಲೇ ಕುಣಿದಿಲ್ಲ ಎಂದು ಮುದುಕರು ಹೇಳಿದರು.

ಸಂಜೆಯ ಹೊತ್ತಿಗೆ ದೂರದ ನೆಂಟನೊಬ್ಬ ಬಂದು, ಹಜಾರದಲ್ಲಿ ಸುತ್ತ ನೋಡಿ, “ಅಲ್ಲ ಮಿಲುಂಕಾ, ಈ ಸಲ ನಿಮ್ಮ ಅಳಿಯಂದೇ ಯಜಮಾನಿಕೆ ಅಂತ ಕೇಳಿದ್ದೆ. ಎಲ್ಲಿ ಅವನು?” ಎಂದ.

ಮಿಲುಂಕಾ ಅವನ ಲೋಟಕ್ಕೆ ರಕಿಯಾ ತುಂಬಿಸುತ್ತಾ, ಎಲ್ಲರಿಗೂ ಕೇಳಿಸುವಂತೆ, ಹೆಮ್ಮೆಯಿಂದಲೇ ಹೇಳಿದಳು:

“ಇದಾನಪ್ಪ, ಎಲ್ಲಿ ಹೋಗ್ತಾನೆ? ಮನೆ ಭಾರ ಎಲ್ಲ ಈಗ ಅವನ ಮೇಲೇ.”